ಪ್ರತಿಕ್ರಿಯೆ: ಘಾಟಿಯಲ್ಲಿ ಡೀಸೆಲ್ ಮುಳ್ಳನ್ನು ಎಷ್ಟು ನಂಬಬಹುದು?

ಲಾರಿಯಲ್ಲಿ ಹುಲಿಕಲ್ ಘಾಟಿ ಹತ್ತುವಾಗ ಕಾಲು ಟ್ಯಾಂಕ್ ತೋರಿಸುತ್ತಿದ್ದ ಮುಳ್ಳು ಕೆಂಪಿಗೆ ಬಿತ್ತು, ಹೊಸನಗರಕ್ಕೆ ಬಂದ ಮೇಲೆ ಮತ್ತೆ ಏರಿತು ಅಂತ ಕೇಳಿದ್ದೀರಿ. ಮೀಟರ್ ಕೆಟ್ಟಿಲ್ಲ, ಗಾಬರಿ ಬೇಡ.

ಟ್ಯಾಂಕ್ ಒಳಗೆ ಒಂದು ಕಡ್ಡಿ, ಅದರ ತುದಿಯಲ್ಲಿ ತೇಲುವ ಬುರುಡೆ ಇರುತ್ತದೆ. ಮುಳ್ಳಿಗೆ ಗೊತ್ತಾಗುವುದು ಆ ಬುರುಡೆ ಇರುವ ಎತ್ತರ ಮಾತ್ರ, ಲೀಟರ್ ಅಲ್ಲ. ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿಯುತ್ತದೆ. ಬುರುಡೆ ಮುಂದಿನ ಭಾಗದಲ್ಲಿದ್ದರೆ ಕೆಳಗೆ ಬೀಳುತ್ತದೆ, ಇಳಿಜಾರಿನಲ್ಲಿ ಇದೇ ಉಲ್ಟಾ. ಟ್ಯಾಂಕ್ ಉದ್ದವಾಗಿದ್ದಷ್ಟೂ ಈ ವ್ಯತ್ಯಾಸ ಜಾಸ್ತಿ.

ಆದರೆ ಸುಮ್ನೆ ಬಿಡುವ ವಿಷಯವೂ ಅಲ್ಲ. ಕೆಲವು ಲಾರಿಗಳಲ್ಲಿ ಡೀಸೆಲ್ ಎಳೆಯುವ ಪೈಪೂ ಬುರುಡೆಯ ಪಕ್ಕದಲ್ಲೇ ಇರುತ್ತದೆ. ಅಲ್ಲಿ ಡೀಸೆಲ್ ತೀರಾ ಇಳಿದರೆ ಪೈಪ್ ಗಾಳಿ ಎಳೆಯುತ್ತದೆ. ನನಗೆ ಒಮ್ಮೆ ಜುಲೈ ಮಳೆಯಲ್ಲಿ, ಅಡಿಕೆ ಲೋಡ್ ಹಾಕಿಕೊಂಡು ಹತ್ತುವಾಗ ಹೀಗೇ ಆಯಿತು. ಟ್ಯಾಂಕ್‌ನಲ್ಲಿ ಡೀಸೆಲ್ ಇತ್ತು, ಇಂಜಿನ್ ಮಾತ್ರ ಕೆಮ್ಮಿ ನಿಂತಿತು. ಒಳಗೆ ಸೇರಿದ ಗಾಳಿ ಹೊರಗೆ ಹೋಗಲಿ ಅಂತ ಫಿಲ್ಟರ್ ಪಕ್ಕದ ಸ್ಕ್ರೂ ಸಡಿಲ ಮಾಡಿ, ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಹ್ಯಾಂಡ್ ಪಂಪ್ ಒತ್ತಿದೆ. ಕೈಯೆಲ್ಲ ಮರಗಟ್ಟಿತ್ತು.

ಮುಳ್ಳನ್ನೇ ನಂಬದೆ, ಓಡಿದ ಕಿಲೋಮೀಟರ್ ಮೇಲೆ ಡೀಸೆಲ್ ಲೆಕ್ಕ ಇಡಲು ನೀವು ಹೀಗೆ ಮಾಡಿ. ಸಮತಟ್ಟು ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿ, ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಫುಲ್ ಮಾಡುವಾಗ ಎಷ್ಟು ಲೀಟರ್ ಹಿಡಿಯಿತು ನೋಡಿ. 400 ಕಿಲೋಮೀಟರ್‌ಗೆ 100 ಲೀಟರ್ ಹಿಡಿದರೆ ಲೀಟರಿಗೆ 4 ಕಿಲೋಮೀಟರ್, ಅಲ್ವಾ? ಘಾಟಿಯಲ್ಲಿ ಲೋಡ್ ಇದ್ದರೆ ಲೀಟರಿಗೆ ಇನ್ನೂ ಕಡಿಮೆ ಕಿಲೋಮೀಟರ್ ಅಂತಲೇ ಲೆಕ್ಕ ಹಾಕಿ. ಲಾರಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಒಂದೆರಡು ನಿಮಿಷ ಬಿಟ್ಟು ಮುಳ್ಳು ನೋಡಿ. ಸಮತಟ್ಟಿನಲ್ಲೂ ಕುಣಿಯುತ್ತಿದ್ದರೆ ಮೊದಲು ಟ್ಯಾಂಕ್ ಮೇಲಿನ ಅರ್ತ್ ವೈರ್ (ಮೀಟರ್ ಕರೆಂಟನ್ನು ಲಾರಿ ಬಾಡಿಗೆ ಸೇರಿಸುವ ವೈರ್) ತುದಿ ಬಿಚ್ಚಿ ಉಜ್ಜಿಸಿ. ನಮ್ಮ ಕಡೆ ಮಳೆಗೆ ಅದು ಬೇಗ ತುಕ್ಕು ಹಿಡಿಯುತ್ತದೆ.