ಕಾಫಿ ಪುಡಿ ಪ್ಯಾಕೆಟ್ ಮೇಲೆ ಬೊಡೊನಿ ಫಾಂಟ್ ಹಾಕಬಹುದಾ?

ಹಾಕಬಹುದು. ಆದರೆ ದೊಡ್ಡದಾಗಿ ಬರುವ ಹೆಸರಿಗೆ ಮಾತ್ರ. ಬೊಡೊನಿ ಅಂದರೆ ಇಂಗ್ಲಿಷ್ ಅಕ್ಷರದ ಒಂದು ಹಳೆಯ ವಿನ್ಯಾಸ. ಡಿಸೈನರ್ ಇಡೀ ಪ್ಯಾಕೆಟ್ಟಿಗೆ ಬೊಡೊನಿಯನ್ನೇ ಹಾಕಿದ್ದಾರೆ, ಚೆಂದ ಕಾಣುತ್ತದೆ, ಅಚ್ಚಾದ ಮೇಲೆ ಓದೋಕಾಗುತ್ತಾ ಅಂತ ಕೇಳಿದ್ದೀರಿ. ನಾನು ಹಾಸನದಲ್ಲಿ ಲಗ್ನಪತ್ರಿಕೆ, ಲೇಬಲ್ ಡಿಸೈನ್ ಮಾಡುತ್ತೇನೆ. ಇದೇ ತಪ್ಪು ಒಮ್ಮೆ ನನ್ನಿಂದಲೂ ಆಗಿದೆ.

ಸಕಲೇಶಪುರದ ಕಡೆಯ ತೋಟದವರೊಬ್ಬರ ಕಾಫಿ ಪುಡಿಗೆ ಲೇಬಲ್ ಮಾಡಿದ್ದೆ. ಕಂದು ಬಣ್ಣದ ಮೇಲೆ ಬಿಳಿ ಅಕ್ಷರ. ಕೆಳಗೆ ಇಂಗ್ಲಿಷಿನಲ್ಲಿ ಹಾಸನ ಅಂತ ಸಣ್ಣದಾಗಿ, ಅದೂ ಬೊಡೊನಿಯಲ್ಲೇ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವಾಗ ಮುತ್ತು ಪೋಣಿಸಿದ ಹಾಗಿತ್ತು. ಅಚ್ಚಾಗಿ ಬಂದಾಗ ಎಚ್ ಅಕ್ಷರದ ಅಡ್ಡಗೆರೆಯೇ ಇಲ್ಲ, ಬರೀ ಎರಡು ಕಂಬ. ಎ ಅಕ್ಷರದ ಎಡಗಾಲು ಮಾಯ. ಎನ್‌ನಲ್ಲಿ ನಿಂತ ಗೆರೆ ಎರಡೂ ಹೋಗಿ ಓರೆ ಗೆರೆಯೊಂದೇ ಉಳಿದಿತ್ತು. ಊರಿನ ಹೆಸರನ್ನೇ ಓದೋಕಾಗಲಿಲ್ಲ. ತುಂಬಾ ಬೇಜಾರಾಯಿತು.

ಈ ಫಾಂಟಿನ ಗುಣವೇ ಅದು. ದಪ್ಪ ಗೆರೆ ಚೆನ್ನಾಗಿ ದಪ್ಪ, ತೆಳು ಗೆರೆ ಕೂದಲೆಳೆಯಷ್ಟು ತೆಳು, ನಡುವೆ ಮೆಲ್ಲಗೆ ಇಳಿಯುವುದು ಅಂತಿಲ್ಲ. ಕಂದು ಬಣ್ಣ ಬರೋದು ಮೂರ್ನಾಲ್ಕು ಇಂಕ್ ಸೇರಿ. ಒಂದು ಚೂರು ಆಚೀಚೆ ಸರಿದರೂ ಬಿಳಿ ಎಳೆ ಮುಚ್ಚಿಹೋಗುತ್ತದೆ. ಕ್ರಾಫ್ಟ್ ಪೇಪರ್, ಅಂದರೆ ಒರಟು ಕಂದು ಕಾಗದ ಆದರೆ ಇಂಕ್ ಹೀರಿಕೊಂಡು ಹರಡುತ್ತದೆ. ಇಟಲಿಯ ಪಾರ್ಮಾದಲ್ಲಿ ಜಂಬಾತಿಸ್ತಾ ಬೊಡೊನಿ ಈ ಅಕ್ಷರ ಕೆತ್ತಿದ್ದು ನುಣುಪಾದ ಒಳ್ಳೆ ಕಾಗದದ ಮೇಲೆ ಅಚ್ಚು ಹಾಕೋಕೆ. ಅವರು 1813ರಲ್ಲಿ ತೀರಿಕೊಂಡರು. ಅವರ ಅಕ್ಷರಗಳ ಮಾದರಿ ಪುಸ್ತಕವನ್ನು 1818ರಲ್ಲಿ ಹೆಂಡತಿ ಹೊರತಂದರು. ಪುಟದ ತುಂಬ ಬಿಳಿ ಜಾಗ ಬಿಟ್ಟು, ನಡುವೆ ನಾಲ್ಕೇ ಸಾಲು ಕೂರಿಸುವುದು ಬೊಡೊನಿಯವರ ರೀತಿ. ಆ ಖಾಲಿ ಜಾಗ ಇದ್ದರೇನೇ ಈ ಅಕ್ಷರಕ್ಕೆ ಕಳೆ. ವೋಗ್ ಅನ್ನೋ ಫ್ಯಾಷನ್ ಪತ್ರಿಕೆಯ ಹೆಸರು ನೋಡಿ, ಅದು ಇದೇ ಜಾತಿಯ ಡಿಡೋ ಫಾಂಟ್. ದೊಡ್ಡದಾಗಿ, ಒಂದೇ ಪದ.

ಸಣ್ಣದಾಗಿ ಬೇಕೇಬೇಕು ಅಂದರೆ ಬೊಡೊನಿ ಮೋಡಾ ಅಂತ ಉಚಿತ ಫಾಂಟ್ ಇದೆ. ಅದರಲ್ಲಿ ಆಪ್ಟಿಕಲ್ ಸೈಜ್, ಅಂದರೆ ಅಚ್ಚಾಗುವ ಅಳತೆಗೆ ತಕ್ಕಂತೆ ಅಕ್ಷರದ ರೂಪ ಬದಲಿಸುವ ಸೆಟ್ಟಿಂಗ್ ಇದೆ, ಅದನ್ನು ಕಡಿಮೆ ಮಾಡಿದರೆ ತೆಳು ಗೆರೆಗಳು ದಪ್ಪ ಆಗುತ್ತವೆ.

ಕನ್ನಡದ ಹೆಸರನ್ನು ಮಾತ್ರ ಇದಕ್ಕೆ ಹೊಂದಲಿ ಅಂತ ಸುಮ್ನೆ ತೆಳು ಮಾಡಿಸಬೇಡಿ. ಬೊಡೊನಿಯ ಅಂದ ಇರೋದು ನೆಟ್ಟಗೆ ನಿಂತ ಕಂಬಗಳಲ್ಲಿ. ನಮ್ಮ ಅಕ್ಷರ ಗುಂಡು ಅಲ್ವಾ? ಒತ್ತಕ್ಷರ ಬೇರೆ ಕೆಳಗೆ ಚಿಕ್ಕದಾಗಿ ಕೂರುತ್ತದೆ, ಮೊದಲು ಮಸುಕಾಗೋದೇ ಅದು. ನಾನಾದರೆ ನೋಟೋ ಸೆರಿಫ್ ಕನ್ನಡ ಅನ್ನೋ ಫಾಂಟ್, ಸ್ವಲ್ಪ ದಪ್ಪದ್ದು ಹಾಕುತ್ತೇನೆ.

ತೂಕ, ಬೆಲೆ, ತಾರೀಖು ಎಲ್ಲ ಸಾದಾ ಅಕ್ಷರದಲ್ಲಿರಲಿ. ಚಿಕೋರಿ ಬೆರೆಸುತ್ತೀರಾದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಕಾನೂನಿನ ಪ್ರಕಾರ ಹಾಕಲೇಬೇಕು. ನಮ್ಮ ಕಡೆ ಜನ ಪ್ಯಾಕೆಟ್ ತಿರುಗಿಸಿ ಮೊದಲು ನೋಡೋದೇ ಆ ಸಾಲನ್ನು.

ಪೂರ್ತಿ ಅಚ್ಚು ಹಾಕಿಸುವ ಮುಂಚೆ ಅದೇ ಕಾಗದದ ಮೇಲೆ, ಅದೇ ಅಳತೆಯಲ್ಲಿ ಒಂದು ಪ್ರೂಫ್, ಅಂದರೆ ಮಾದರಿ ಅಚ್ಚು ಕೇಳಿ. ನಾನು ಆ ಲೇಬಲ್ಲನ್ನು ಎರಡನೇ ಸಲ ಮಾಡಿದಾಗ ಬ್ರ್ಯಾಂಡಿನ ಹೆಸರನ್ನು ಬೊಡೊನಿಯಲ್ಲೇ ಉಳಿಸಿಕೊಂಡೆ. ಹಾಸನ ಅನ್ನೋದನ್ನಷ್ಟೇ ಸಾದಾ ದಪ್ಪ ಅಕ್ಷರಕ್ಕೆ ಬದಲಾಯಿಸಿದೆ. ಈಗಲೂ ಅದೇ ಲೇಬಲ್ ನಡೆಯುತ್ತಿದೆ.