ಮೀಥೇನ್‌ನಿಂದ ಎಥಿಲೀನ್: ಆಯ್ಕೆಶೀಲತೆ ಕುಸಿಯುವುದೇಕೆ?

ಪ್ರಶ್ನೆ: ಆಮ್ಲಜನಕ ಬಳಸಿ ಮೀಥೇನ್‌ನಿಂದ ಈಥೇನ್, ಎಥಿಲೀನ್ ಪಡೆಯುವ ಪ್ರಯೋಗದಲ್ಲಿದ್ದೇನೆ. ವೇಗವರ್ಧಕ, ಸಿಲಿಕಾ ಮೇಲಿನ ಮ್ಯಾಂಗನೀಸ್ ಮತ್ತು ಸೋಡಿಯಂ ಟಂಗ್‌ಸ್ಟೇಟ್. ಆಮ್ಲಜನಕ ಹೆಚ್ಚಿಸಿದರೆ ಮೀಥೇನ್‌ನ ಪರಿವರ್ತನೆ ಏರುತ್ತದೆ, ಆದರೆ ಕಾರ್ಬನ್ ಡೈಆಕ್ಸೈಡೂ ಏರುತ್ತದೆ. ಹೆಚ್ಚು ಮೇಲ್ಮೈ ವಿಸ್ತೀರ್ಣವಿರುವ ಸಿಲಿಕಾ ಬಳಸಿದರೆ ಆಯ್ಕೆಶೀಲತೆ (ಪರಿವರ್ತನೆಗೊಂಡ ಮೀಥೇನ್‌ನಲ್ಲಿ ಬೇಕಾದ ಉತ್ಪನ್ನವಾದ ಪಾಲು) ಸುಧಾರಿಸೀತೇ? (ಸಂಶೋಧನಾ ವಿದ್ಯಾರ್ಥಿ)

ಉತ್ತರ: ಸುಧಾರಿಸುವ ಸಂಭವ ಕಡಿಮೆ. ಈ ವೇಗವರ್ಧಕದ ಕೆಲಸ ಮೀಥೇನ್‌ನಿಂದ ಒಂದು ಹೈಡ್ರೋಜನ್ ಕಿತ್ತು ಮೀಥೈಲ್ ರಾಡಿಕಲ್ ಎಂಬ ಅತಿ ಚುರುಕಾದ ತುಣುಕನ್ನು ಹುಟ್ಟಿಸುವುದು. ಅಂಥ ಎರಡು ರಾಡಿಕಲ್‌ಗಳು ಕೂಡಿ ಈಥೇನ್ ಆಗುವುದು ಬಹುಮಟ್ಟಿಗೆ ಮೇಲ್ಮೈಯಿಂದಾಚೆ, ಅನಿಲದಲ್ಲಿ. ಸೂಕ್ಷ್ಮ ರಂಧ್ರಗಳಲ್ಲಿ ಸಿಕ್ಕಿಕೊಂಡ ರಾಡಿಕಲ್ ಮತ್ತೆ ಮತ್ತೆ ಮೇಲ್ಮೈಗೆ ತಾಗಿ ಸುಟ್ಟುಹೋಗುತ್ತದೆ. ಅಲ್ಲದೆ ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೋಡಿಯಂ ಇದ್ದರೆ ಅಸ್ಫಟಿಕ ಸಿಲಿಕಾ ಕ್ರಿಸ್ಟೋಬಲೈಟ್ ಎಂಬ ಸ್ಫಟಿಕ ರೂಪಕ್ಕೆ ಮಾರ್ಪಟ್ಟು, ನೀವು ಕಷ್ಟಪಟ್ಟು ಪಡೆದ ವಿಸ್ತೀರ್ಣ ಹೇಗೂ ಕುಸಿಯುತ್ತದೆ. ಸೋಡಿಯಂ ಟಂಗ್‌ಸ್ಟೇಟ್ ಕರಗುವುದೇ ಸುಮಾರು 698 ಡಿಗ್ರಿಯಲ್ಲಿ. ನಿಮ್ಮ ಕೊಳವೆಯೊಳಗೆ ಅದು ದ್ರವವಾಗಿಯೇ ಇರುತ್ತದೆ.

ಮೂಲ ತೊಡಕು ಬೇರೆ. ಮೀಥೇನ್‌ನ ಕಾರ್ಬನ್–ಹೈಡ್ರೋಜನ್ ಬಂಧ ಮುರಿಯಲು ಮೋಲ್‌ಗೆ ಸುಮಾರು 439 ಕಿಲೋಜೂಲ್ ಬೇಕು, ಈಥೇನ್‌ನದಕ್ಕೆ ಸುಮಾರು 423 ಸಾಕು. ಎಥಿಲೀನ್‌ನ ದ್ವಿಬಂಧವಂತೂ ಆಮ್ಲಜನಕಕ್ಕೆ ಸುಲಭದ ತುತ್ತು. ನಮಗೆ ಬೇಕಾದ ಉತ್ಪನ್ನವೇ ಕಚ್ಚಾವಸ್ತುವಿಗಿಂತ ಬೇಗ ಉರಿಯುವುದರಿಂದ, 1982ರಲ್ಲಿ ಸಂಶೋಧಕರಾದ ಕೆಲರ್ ಮತ್ತು ಭಾಸಿನ್ ಈ ಮಾರ್ಗವನ್ನು ತೋರಿಸಿದ ಮೇಲೆ ಪರೀಕ್ಷಿಸಿದ ಅಸಂಖ್ಯ ಮಿಶ್ರಣಗಳಲ್ಲಿ, ಸಾಮಾನ್ಯ ಸ್ಥಿರ ಹಾಸಿನಲ್ಲಿ (ಕೊಳವೆಯಲ್ಲಿ ಅಲುಗದಂತೆ ತುಂಬಿದ ವೇಗವರ್ಧಕದಲ್ಲಿ) ಒಮ್ಮೆ ಹಾಯಿಸಿದಾಗಿನ ಇಳುವರಿ ಶೇ 30ರ ಆಸುಪಾಸಿನಲ್ಲೇ ತಡೆದು ನಿಂತಿದೆ. ಹೊಸ ಧಾತುವನ್ನು ಹುಡುಕುವುದಕ್ಕಿಂತ ಆಮ್ಲಜನಕ ಕೊಡುವ ಬಗೆಯನ್ನು ಬದಲಿಸುವುದೇ ಲಾಭಕರವೆಂಬುದು ನನ್ನ ಅಭಿಪ್ರಾಯ. ಅದನ್ನೆಲ್ಲ ಆರಂಭದಲ್ಲೇ ಸುರಿಯದೆ, ಹಾಸಿನ ಉದ್ದಕ್ಕೂ ಹಲವು ಕಡೆ ಸ್ವಲ್ಪಸ್ವಲ್ಪವಾಗಿ ಅಥವಾ ಪೊರೆಯ ಮೂಲಕ ಒಳಬಿಟ್ಟರೆ ಎಲ್ಲಿಯೂ ಅದರ ಆಂಶಿಕ ಒತ್ತಡ (ಅನಿಲ ಮಿಶ್ರಣದಲ್ಲಿ ಅದರ ಪಾಲಿನ ಒತ್ತಡ) ಏರುವುದಿಲ್ಲ. ಆಮ್ಲಜನಕವನ್ನೇ ಬಿಟ್ಟು ಮಾಲಿಬ್ಡಿನಂ–ಜಿಯೋಲೈಟ್ (ಸೂಕ್ಷ್ಮ ರಂಧ್ರಗಳ ಸ್ಫಟಿಕ) ವೇಗವರ್ಧಕದಿಂದ ಬೆಂಜೀನ್ ಮಾಡುವ ದಾರಿಯೂ ಇದೆ, ಆದರೆ ಅಲ್ಲಿ 700 ಡಿಗ್ರಿಯಲ್ಲಿ ಉಷ್ಣಗತೀಯ ಸಮತೋಲನವೇ ಪರಿವರ್ತನೆಯನ್ನು ಶೇ 12ರ ಹತ್ತಿರ ತಡೆಯುತ್ತದೆ, ಮಸಿಯ ಕಾಟ ಬೇರೆ.

ವೇಗವರ್ಧಕವನ್ನು ದೂರುವ ಮೊದಲು ಎರಡು ಪರೀಕ್ಷೆ ಮಾಡಿ. ಉಷ್ಣಯುಗ್ಮವನ್ನು (ತಾಪ ಅಳೆಯುವ ತಂತಿಜೋಡಿ) ಕುಲುಮೆಯ ಗೋಡೆಗಲ್ಲ, ಹಾಸಿನೊಳಗೇ ಇಡಿ. ಕ್ರಿಯೆಯೇ ಶಾಖ ಬಿಡುವುದರಿಂದ ಅಲ್ಲಿನ ತಾಪ ನೀವು ಬರೆದಿಟ್ಟದ್ದಕ್ಕಿಂತ ಬಹಳ ಹೆಚ್ಚಿರಬಹುದು. ಹಾಸಿನ ಕೆಳಗಿನ ಖಾಲಿ ಬಿಸಿ ಜಾಗವನ್ನು ಕ್ವಾರ್ಟ್ಸ್ ಚೂರುಗಳಿಂದ ತುಂಬಿ ನೋಡಿ: ಕಾರ್ಬನ್ ಆಕ್ಸೈಡ್‌ಗಳು ಇಳಿದರೆ, ಎಥಿಲೀನ್ ಉರಿಯುತ್ತಿದ್ದುದು ವೇಗವರ್ಧಕವನ್ನು ದಾಟಿದ ಮೇಲೆ.