ಐದು ಯಾರ್ಡ್ ಒಂದಾಗುವ ಮುಂಚೆ

ಪ್ರಶ್ನೆ: ಸಾರ್, ನಮ್ಮ ನಗರಸಭೆಯ ವರ್ಕ್‌ಶಾಪ್ ಒಂದು ಕಡೆ, ಸ್ಟೋರ್ ಇನ್ನೊಂದು ಕಡೆ. ನೀರು ಸರಬರಾಜಿನ ಶೆಡ್, ಬೀದಿದೀಪದ ಗೋದಾಮು, ಒಳಚರಂಡಿ ಗಾಡಿಗಳ ಜಾಗ ಬೇರೆ ಬೇರೆ. ಐದನ್ನೂ ಊರಾಚೆಯ ಒಂದೇ ಜಾಗಕ್ಕೆ ತರಬೇಕೆಂದು ತೀರ್ಮಾನವಾಗಿದೆ. ಕಟ್ಟಡದ ನಕ್ಷೆಯೂ ಬಂದಿದೆ. ಹೊಣೆ ನನ್ನ ಮೇಲಿದೆ. ಮೊದಲು ಏನು ನೋಡಲಿ?
– ಒಬ್ಬ ಸಹಾಯಕ ಎಂಜಿನಿಯರ್

ಉತ್ತರ: ಮೊದಲು ಆ ನಕ್ಷೆಯನ್ನು ಮಡಚಿ ಬೀರುವಿನಲ್ಲಿಡಿ. ಬೇಸರ ಮಾಡ್ಕೋಬೇಡಿ, ನಾನೂ ನಿಮ್ಮ ಕುರ್ಚಿಯಲ್ಲಿ ಕೂತವನೇ. ನಮಗೂ ಚಿತ್ರ ಮೊದಲು ಬಂತು, ಲೆಕ್ಕ ಆಮೇಲೆ ಬಂತು. ಚಿತ್ರದಲ್ಲಿ ಮೀಟಿಂಗ್ ಹಾಲ್ ಇತ್ತು, ಹೂತೋಟ ಇತ್ತು. ಚರಂಡಿಗೆ ಇಳಿದು ಬಂದವರು ಒದ್ದೆ ಗಂಬೂಟು ಕಳಚಿ ಸ್ನಾನ ಮಾಡಲು ಜಾಗ ಇರಲಿಲ್ಲ.

ಒಂದು ವಾರ ಬೆಳಿಗ್ಗೆ ಗೇಟಿನ ಹತ್ತಿರ ನೋಟ್‌ಬುಕ್ ಹಿಡಿದು ನಿಲ್ಲಿ. ಐದೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿದರೂ ಆಯಿತು. ಯಾವ ಗಾಡಿ ಎಷ್ಟೊತ್ತಿಗೆ ಹೊರಟಿತು, ಎಲ್ಲಿಗೆ, ಏನು ಹೇರಿಕೊಂಡು ಹೋಯಿತು, ನಡುವೆ ಯಾಕೆ ವಾಪಸ್ ಬಂತು, ಎಲ್ಲ ಬರೆಯಲಿ. ಆ ಕೊನೆಯ ಕಾಲಂ ಇದೆಯಲ್ಲ, ಅದರಲ್ಲೇ ನಿಮ್ಮ ಯೋಜನೆ ಇದೆ. ನಮ್ಮಲ್ಲಿ ಮರೆತ ಒಂದು ರಬ್ಬರ್ ವಾಷರ್‌ಗೋಸ್ಕರ ವಾಪಸ್ ಬಂದ ಗಾಡಿಗಳೇ ಜಾಸ್ತಿ.

ಈಗ ದೂರ. ಹೊಸ ಜಾಗ ಈಗಿನ ಶೆಡ್‌ಗಿಂತ 6 ಕಿಲೋಮೀಟರ್ ಆಚೆ ಅಂದುಕೊಳ್ಳಿ. ಹೋಗಿ ಬರಲು ದಿನಕ್ಕೆ 12 ಕಿಲೋಮೀಟರ್ ಜಾಸ್ತಿ. 20 ಗಾಡಿ, ವರ್ಷಕ್ಕೆ 300 ದಿನ ಹಿಡಿದರೆ 72,000 ಕಿಲೋಮೀಟರ್, ಅದೂ ದಿನಕ್ಕೆ ಒಂದೇ ಸಲ ಓಡಾಡಿದರೆ. ಡೀಸೆಲ್ ಖರ್ಚು ಎಲ್ಲರಿಗೂ ಕಾಣುತ್ತದೆ. ಗಾಡಿಯ ಹಿಂದೆ ನಾಲ್ಕು ಜನ ಸುಮ್ನೆ ಕೂತು ಹೋಗುವ ಹೊತ್ತು ಯಾವ ರಿಜಿಸ್ಟರ್‌ಗೂ ಬೀಳುವುದಿಲ್ಲ.

ಅದಕ್ಕೇ ಹೇಳೋದು, ಎಲ್ಲವೂ ಹೋಗಬೇಕಿಲ್ಲ. ವರ್ಕ್‌ಶಾಪ್, ಸ್ಟೋರ್, ಡೀಸೆಲ್ ಪಂಪ್, ಗಾಡಿ ತೊಳೆಯುವ ಜಾಗ ಒಂದಾಗಲಿ. ತೊಳೆದ ನೀರಿನಿಂದ ಎಣ್ಣೆ ಬೇರೆ ಮಾಡುವ ತೊಟ್ಟಿಯನ್ನು ಐದು ಕಡೆ ಕಟ್ಟುವ ಬದಲು ಒಂದು ಕಡೆ ಕಟ್ಟಿದರೆ ಸಾಕು. ಆದರೆ ಪೈಪ್ ಒಡೆದರೆ ಓಡುವ ಗ್ಯಾಂಗಿಗೆ ಊರೊಳಗೆ ಒಂದೆರಡು ಸಣ್ಣ ಶೆಡ್ ಉಳಿಸಿ. ಬೀಗ ಹಾಕುವ ಕಪಾಟು, ಶೌಚಾಲಯ, ದಿನಾ ಬೇಕಾಗುವ ಸಾಮಾನು ಅಲ್ಲಿದ್ದರೆ ಸಾಕು.

ಸ್ಟೋರ್ ಬಗ್ಗೆ ಒಂದು ಕಥೆ. ಸಾಮಾನು ಒಂದುಗೂಡಿಸುವ ಮುಂಚೆ ನಾವು ಮೂರು ರಿಜಿಸ್ಟರ್ ಪಕ್ಕಪಕ್ಕ ಇಟ್ಟೆವು. ಒಂದರಲ್ಲಿ ‘100 ಎಂಎಂ ಸ್ಲೂಸ್ ವಾಲ್ವ್’, ಇನ್ನೊಂದರಲ್ಲಿ ‘100 ಎಂಎಂ ಗೇಟ್ ವಾಲ್ವ್’, ಮೂರನೆಯದರಲ್ಲಿ ‘4 ಇಂಚು ವಾಲ್ವ್’. ಮೂರೂ ಒಂದೇ ಸಾಮಾನು! ಒಂದು ಕಡೆ ಧೂಳು ಹಿಡಿದು ಕೂತಿತ್ತು, ಇನ್ನೊಂದು ಕಡೆಯವರು ಅದನ್ನೇ ಕೊಳ್ಳಲು ಟೆಂಡರ್ ಕರೆದಿದ್ದರು. ಹೆಸರು ಸರಿ ಮಾಡದೆ ಕಂಪ್ಯೂಟರ್‌ಗೆ ಏರಿಸಿದ್ದರೆ ಅಲ್ಲೂ ಮೂರು ಸಾಮಾನಾಗಿಯೇ ಉಳಿಯುತ್ತಿತ್ತು. ಎಣಿಸುವಾಗ ಹಳೇ ಸ್ಟೋರ್‌ಕೀಪರ್ ಜೊತೆಗಿರಲಿ. ಅವರ ತಲೆಯಲ್ಲಿರುವುದು ಪುಸ್ತಕದಲ್ಲಿರುವುದಿಲ್ಲ.

ಜಾಗ ನೋಡುವಾಗ ಮಳೆಗಾಲದಲ್ಲಿ ಹೋಗಿ ನೋಡಿ. ಯಾರಿಗೂ ಬೇಡವಾದ ತಗ್ಗು ಜಾಗವನ್ನೇ ಯಾರ್ಡಿಗೆ ಕೊಡುವುದು ವಾಡಿಕೆ. ಊರು ಮುಳುಗಿದ ದಿನ ನೀರೆತ್ತುವ ಪಂಪೇ ನೀರಲ್ಲಿದ್ದರೆ ಹೇಗೆ, ಅಲ್ವಾ?

ಗೇಟ್ ಎರಡಿರಲಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಮಳೆಯ ರಾತ್ರಿ ಜಲ್ಲಿ ತುಂಬಿದ ಟಿಪ್ಪರ್ ಆಕ್ಸಲ್ ಮುರಿದು ನಮ್ಮ ಒಂದೇ ಒಂದು ಗೇಟಿನ ನಟ್ಟನಡುವೆ ಕೂತುಬಿಟ್ಟಿತು. ಐದೂ ಕಡೆಯ ಗಾಡಿಗಳು ಅಷ್ಟು ಹೊತ್ತಿಗೆ ಒಂದೇ ಕಾಂಪೌಂಡಿಗೆ ಬಂದಾಗಿತ್ತು, ಪಂಪಿನ ಗಾಡಿಯೂ ಒಳಗೇ. ಕೊನೆಗೆ ಜೆಸಿಬಿಯಿಂದ ಹಿಂದಿನ ಗೋಡೆ ಒಡೆದು ಆಚೆ ತಂದೆವು. ಬೆಳಿಗ್ಗೆ ಆ ಗೋಡೆಗೆ ನಾನೇ ವಿವರಣೆ ಬರೆದುಕೊಡಬೇಕಾಯಿತು!

ಒಳಗಿನ ದಾರಿ ಒಮ್ಮುಖವಾಗಿರಲಿ, ರಿವರ್ಸ್ ತೆಗೆಯುವ ಕೆಲಸ ಆದಷ್ಟು ಕಡಿಮೆಯಾಗಲಿ. ಡ್ರೈವರ್ ಬಲಗಡೆ ಕೂರುವ ಗಾಡಿಗಳಾದರೆ ಸುತ್ತು ಬಲಕ್ಕೆ ತಿರುಗಲಿ, ತಿರುವಿನ ಒಳಮೂಲೆ ಅವರ ಕಣ್ಣೆದುರೇ ಇರುತ್ತದೆ. ಸಿಬ್ಬಂದಿಯ ಬೈಕುಗಳಿಗೆ ಬೇರೆ ದಾರಿ ಮಾಡಿ.

ಇಷ್ಟಾದ ಮೇಲೆ ನಕ್ಷೆ ಬಿಚ್ಚಿ. ಬಹುಶಃ ಹೊಸದೇ ಬರೆಸಬೇಕಾದೀತು.

ಪ್ರಶ್ನೆ: ಹಳೇ ಯಾರ್ಡ್ ಜಾಗ ಮಾರಿ, ಆ ದುಡ್ಡಲ್ಲೇ ಹೊಸದು ಕಟ್ಟಬಹುದಲ್ವಾ?
– ಒಬ್ಬ ವಾರ್ಡ್ ಸದಸ್ಯೆ

ಉತ್ತರ: ಕಟ್ಟಬಹುದು ಮೇಡಂ, ಆದರೆ ಆ ದುಡ್ಡನ್ನು ಈಗಲೇ ಎಣಿಸಬೇಡಿ. ಹೊಸದು ನಡೆಯುವ ತನಕ ಹಳೆಯದನ್ನು ಖಾಲಿ ಮಾಡಲಾಗುವುದಿಲ್ಲ. ಹಾಗಾಗಿ ಮಾರಿದ ದುಡ್ಡು ಬರುವುದು ಕಟ್ಟಿದ ಮೇಲೆಯೇ. ಎರಡನೆಯದಾಗಿ, ನೆಲದೊಳಗೆ ಹಳೇ ಡೀಸೆಲ್ ಟ್ಯಾಂಕ್ ಇದ್ದರೆ ಅದು ಸೋರಿರಬಹುದು. ಮಣ್ಣು ಪರೀಕ್ಷೆ ಮಾಡಿಸಿ, ಶುಚಿ ಮಾಡುವ ಖರ್ಚು ಕಳೆದು ಆಮೇಲೆ ಬೆಲೆ ಕಟ್ಟಿ. ಮಣ್ಣು ಎಲ್ಲಿ ತೆಗೆಯಬೇಕು ಅಂತ ತಿಳಿಯಲು ನಿವೃತ್ತ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ, ಎಂಜಿನ್‌ನಿಂದ ತೆಗೆದ ಆಯಿಲ್ ಎಲ್ಲಿ ಸುರಿಯುತ್ತಿದ್ದಿರಿ ಅಂತ ಕೇಳಿ. ನಮ್ಮವರು ಮಾತೇ ಆಡದೆ ಹಿಂದಿನ ಗೋಡೆಯವರೆಗೆ ನಡೆದು, ಕಾಲಲ್ಲಿ ಗೀಟು ಎಳೆದು ತೋರಿಸಿದರು.